ಒಂದು ನುಚ್ಚಕ್ಕಿಯಷ್ಟು ಕಲ್ಲು

ಪುಟ್ಟಸ್ವಾಮಿಯವರು ಮಾಟ ಮಾಡುತ್ತಾರೆ ಎಂದು ನಾನು ಸುಮಾರು ಎರಡು ತಿಂಗಳು ನಂಬಿದ್ದೆ. ವೇದಿಕೆ ಸಿಕ್ಕಲ್ಲೆಲ್ಲ ಮೂಢನಂಬಿಕೆಯ ವಿರುದ್ಧ ಮಾತಾಡುವವನು ನಾನು. ಹಾಗಾಗಿ ಈ ನಂಬಿಕೆಯನ್ನು ಮನೆಯವರಿಗೂ ಹೇಳಿರಲಿಲ್ಲ.

ಆದದ್ದು ಇಷ್ಟು. ಕುಶಾಲನಗರದ ಕಟಿಂಗ್ ಶಾಪಿನಲ್ಲಿ ನಾನು ಕುರ್ಚಿ ಬಿಟ್ಟು ಏಳುವ ಹೊತ್ತಿಗೆ ತೆಳ್ಳನೆಯ, ಉದ್ದನೆಯ ಮನುಷ್ಯರೊಬ್ಬರು ಒಳಗೆ ಬಂದು, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಉದುರಿದ ನನ್ನ ಕೂದಲನ್ನು ಎರಡು ಬೆರಳಲ್ಲಿ ಆರಿಸಿ ಕಾಗದದ ಪೊಟ್ಟಣಕ್ಕೆ ಹಾಕಿಕೊಳ್ಳತೊಡಗಿದರು. ಪಕ್ಕದ ಕುರ್ಚಿಯವನ ಕಪ್ಪು ಕೂದಲು ರಾಶಿ ಬಿದ್ದಿತ್ತು, ಅದನ್ನು ಮುಟ್ಟಲಿಲ್ಲ. ನನ್ನದನ್ನೇ ಬೆಳಕಿಗೆ ಹಿಡಿದು ನೋಡಿ, "ಇದು ಸರಿಹೋಯ್ತದೆ" ಎಂದು ತಮಗೆ ತಾವೇ ಹೇಳಿಕೊಂಡು ಎದ್ದು ಹೋದರು.

"ಯಾರಪ್ಪ ಅವರು?" ಎಂದೆ.

"ಪುಟ್ಟಸ್ವಾಮಿ ಅಂತ. ತಿಂಗ್ಳಿಗೊಂದ್ಸಲ ಬತ್ತಾರೆ ಸಾರ್. ಏನಕ್ಕೋ ಏನೋ, ನಾವು ಕೇಳಕ್ ಹೋಗಲ್ಲ" ಎಂದ ಅಂಗಡಿಯವನು ಅವಸರವಾಗಿ ಕನ್ನಡಿ ಒರೆಸಿದ.

ಆ ವಾರ ನನಗೆ ನೆಗಡಿಯಾಯಿತು. ಮುಂದಿನ ವಾರ ಸ್ಕೂಟರ್ ಕೈಕೊಟ್ಟಿತು. ಆಮೇಲೆ ನಾನು ಮುಖ್ಯ ಭಾಷಣ ಮಾಡಬೇಕಿದ್ದ ಸಭೆಯೊಂದು ರದ್ದಾಯಿತು. ರದ್ದಾದದ್ದಕ್ಕೆ ಊರಿನಲ್ಲಿ ಯಾರಿಗೂ ಬೇಸರವಾಗದಿದ್ದದ್ದು ಕಂಡು ನನ್ನ ಅನುಮಾನ ಗಟ್ಟಿಯಾಯಿತು. ಇನ್ನು ಸುಮ್ಮನಿರುವುದು ವೈಚಾರಿಕತೆಗೆ ಅವಮಾನ ಎನಿಸಿ, ಜೇಬಿನಲ್ಲಿ ಒಂದು ನಿಂಬೆಹಣ್ಣು ಇಟ್ಟುಕೊಂಡು, ಪೇಟೆಯಿಂದ ಎಂಟು ಕಿಲೋಮೀಟರು ದೂರದ ಅವರ ಮನೆ ಹುಡುಕಿಕೊಂಡು ಹೋದೆ.

"ಬನ್ನಿ ಸಾರ್, ನೀವು ಬತ್ತೀರಿ ಅಂತ ಗೊತ್ತಿತ್ತು" ಎಂದರು ಪುಟ್ಟಸ್ವಾಮಿ.

ನಾನು ಜೇಬಿನೊಳಗೆ ಕೈ ಹಾಕಿ ನಿಂಬೆಹಣ್ಣನ್ನು ಬಿಗಿಯಾಗಿ ಹಿಡಿದೆ. ಕಟಿಂಗ್ ಶಾಪಿನವನು ಫೋನು ಮಾಡಿದ್ದನಂತೆ.

ಮನೆಯ ಹಿಂದೆ, ಮೊದಲು ಶುಂಠಿ ತುಂಬಿಡುತ್ತಿದ್ದ ಶೆಡ್ಡಿಗೆ ಕರೆದುಕೊಂಡು ಹೋದರು. ಒಳಗೆ ಎಂಟಡಿ ಉದ್ದ ನಾಲ್ಕಡಿ ಅಗಲದ ಪ್ಲೈವುಡ್ ಹಲಗೆ. ಅದರ ಮೇಲೆ ಒಂದು ಜಮೀನು. ಜಮೀನಿನ ಚಿತ್ರವಲ್ಲ, ಜಮೀನೇ. ಮೇಲಿನಿಂದ ಹದ್ದು ನೋಡಿದರೆ ಹೇಗೆ ಕಾಣಬೇಕೋ ಹಾಗೆ. ಹೆಂಚಿನ ಮನೆ, ಕೊಟ್ಟಿಗೆ, ತಿಪ್ಪೆ, ಕಾಫಿ ಗಿಡ, ಸಿಲ್ವರ್ ಮರ, ಶುಂಠಿ ಪಾತಿ, ಬಾವಿ, ಮುಳ್ಳುತಂತಿಯ ಬೇಲಿ. ಭೂತಗನ್ನಡಿ ಕೈಗೆ ಕೊಟ್ಟು, "ಆ ಬದು ನೋಡಿ" ಎಂದರು. ನೋಡಿದೆ. ಬದುವಿನ ಮೇಲೆ ಒಣಹುಲ್ಲು ಬೆಳೆದಿತ್ತು.

"ಅದು ನೀವೇ ಸಾರ್."

ನಾನು ತಲೆಯ ಹಿಂಬದಿ ಸವರಿಕೊಂಡೆ.

"ಮಾರ್ಚಿ ತಿಂಗಳ ಹುಲ್ಲು. ಕಪ್ಪು ಕೂದ್ಲು ಬಣ್ಣ ಹಿಡಿಯಲ್ಲ. ಪೂರ್ತಿ ಬೆಳ್ಳಗಿದ್ರೆ ಹುಲ್ಲು ಸತ್ತೋದಂಗೆ ಕಾಣ್ತದೆ. ನಿಮ್ದು ಸಾಯಕ್ಕೆ ಸ್ವಲ್ಪ ಮುಂಚಿನ ಬಣ್ಣ."

ಮನೆಗೆ ಮರಳಿ ನಿಂಬೆಹಣ್ಣನ್ನು ಪಾನಕಕ್ಕೆ ಬಳಸಿದೆ.

ಪುಟ್ಟಸ್ವಾಮಿ ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಚೈನ್‌ಮನ್ ಆಗಿದ್ದವರು. ಜಮೀನು ಅಳೆಯುವಾಗ ಸರ್ವೇಯರ್ ಒಂದು ತುದಿಯಲ್ಲಿ ಕಾಗದ ಹಿಡಿದು ನೆರಳಲ್ಲಿ ನಿಲ್ಲುತ್ತಾರೆ. ಇನ್ನೊಂದು ತುದಿ ಹಿಡಿದು ಮುಳ್ಳು, ಕೆಸರು, ಜಿಗಣೆಗಳ ನಡುವೆ ಇಳಿಯುವವರು ಚೈನ್‌ಮನ್. ಆ ಕಡೆಯಿಂದ "ಎಷ್ಟು?" ಎಂದು ಕೂಗು ಬರುತ್ತದೆ. ಈ ಕಡೆಯಿಂದ ಅಂಕಿ ಕೂಗಬೇಕು. ನಡುವೆ ಯೋಚನೆ ಮಾಡಕೂಡದು. ಆ ಅಂಕಿಯಿಂದ ಯಾರ ಹಿತ್ತಿಲು ಹೋಯಿತು, ಯಾರ ಮನೆಯ ಮೆಟ್ಟಿಲು ಪಕ್ಕದವನ ಪಾಲಾಯಿತು ಎನ್ನುವುದು ಚೈನ್‌ಮನ್‌ಗೆ ಸಂಬಂಧಪಟ್ಟದ್ದಲ್ಲ. "ಸರ್ವೇಯರ್‌ಗಳು ಹದಿನಾಲ್ಕು ಜನ ಬದಲಾದ್ರು ಸಾರ್, ನನ್ನ ಅಂಕಿ ಒಂದೂ ಬದಲಾಗಲಿಲ್ಲ" ಎನ್ನುವಾಗ ಅವರ ಕತ್ತು ಎರಡಂಗುಲ ಉದ್ದವಾಗುತ್ತಿತ್ತು. ಒಂದು ಸಲ ಅವರು ಕೂಗಿದ ಅಂಕಿಯಿಂದ ಅವರ ಸ್ವಂತ ಷಡ್ಡಕನ ಕೊಟ್ಟಿಗೆ ರಸ್ತೆಗೆ ಹೋಗಿತ್ತಂತೆ. ಅದನ್ನು ಅವರು ಬೇರೆಯವರು ಮಕ್ಕಳ ರ‍್ಯಾಂಕು ಹೇಳುವ ಹಾಗೆ ಹೇಳುತ್ತಿದ್ದರು.

ನಿವೃತ್ತಿಯಾದ ಮರುವಾರವೇ ಈ ಹಲಗೆ ತಂದರು. ನಾಲ್ಕಡಿ ನೆಲಕ್ಕೆ ಒಂದಂಗುಲ. ಅವರ ತಂದೆ ಹೊಳೆನರಸೀಪುರದ ಕಡೆಯಿಂದ ಬಂದು ಮಾಡಿದ ಜಮೀನು ಬೇಲಿಯೊಳಗೆ ಒಂದೆಕರೆ ಅರವತ್ತೊಂಬತ್ತು ಸೆಂಟು. ಹಲಗೆಗೆ ಕತ್ತರಿಸಿದ ಹಾಗೆ ಸರಿಹೋಗಿತ್ತು. ಹೆಂಚುಗಳನ್ನು ಹಳೆಯ ಮದುವೆ ಆಮಂತ್ರಣ ಪತ್ರಿಕೆಗಳಿಂದ ಒಂದೊಂದಾಗಿ ಕತ್ತರಿಸಿದ್ದರು. ಕಾಫಿ ಗಿಡ ಎಂದರೆ ಪಾತ್ರೆ ಉಜ್ಜುವ ಹಸಿರು ನಾರು. ತಿಪ್ಪೆ ಸೋಸಿದ ಚಹಾಪುಡಿ. ಮುಳ್ಳುತಂತಿ ಸುಟ್ಟ ಪಂಪಿನ ಮೋಟಾರಿನಿಂದ ಬಿಚ್ಚಿದ ತಾಮ್ರದ ಎಳೆ. ಅದಕ್ಕೆ ಮುಳ್ಳುಗಳನ್ನೂ ಕಟ್ಟಿದ್ದರು. ಮೂರು ವರ್ಷದ ಕೆಲಸ.

"ಜನ ಒಬ್ರೂ ಇಲ್ವಲ್ಲ?" ಎಂದು ನಾನು ಕೇಳಿದ್ದೆ.

"ಜನ ಒಂದ್ಕಡೆ ನಿಲ್ಲಲ್ಲ ಸಾರ್. ಅಳತೆ ಸಿಗಲ್ಲ."

ಒಂದು ಕಡೆ ನಿಲ್ಲದವರಲ್ಲಿ ಮೊದಲನೆಯವರು ಅವರ ಹೆಂಡತಿ ವನಜಮ್ಮ. ಆ ಮನೆ ನಡೆಯುತ್ತಿದ್ದದ್ದು ಅವರ ನರ್ಸರಿಯಿಂದ. ನೆರಳುಬಲೆಯ ಕೆಳಗೆ ಕಪ್ಪು ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಕಾಫಿ ಸಸಿ, ಮೆಣಸಿನ ಬಳ್ಳಿ. ಜೂನ್ ಬಂತೆಂದರೆ ಚೆಟ್ಟಳ್ಳಿ ಕಡೆಯ ಎಸ್ಟೇಟುಗಳಿಂದ ಜೀಪುಗಳು ಬಂದು ತುಂಬಿಸಿಕೊಂಡು ಹೋಗುತ್ತಿದ್ದವು. ಅದಕ್ಕೆಲ್ಲ ಆಧಾರ ಬೇಲಿಯ ಹತ್ತಿರದ ಬಾವಿ. ಆ ದಿಣ್ಣೆಯಲ್ಲಿ ಏಪ್ರಿಲ್‌ನಲ್ಲೂ ನೀರಿರುವ ಬಾವಿ ಅದೊಂದೇ. ಎರಡು ಸಲ ಬೋರ್ ಕೊರೆಸಿದ್ದರು. ಎರಡು ಸಲವೂ ಧೂಳು ಬಂತು.

ಪುಟ್ಟಸ್ವಾಮಿಯವರ ಹಲಗೆಯ ಮೇಲೂ ನರ್ಸರಿ ಇತ್ತು. ಸೊಳ್ಳೆಪರದೆಯ ತುಂಡಿನ ಕೆಳಗೆ, ತೊಟ್ಟೆಗೊಂದರಂತೆ ಸಾಸಿವೆ ಕಾಳು. ನಾಲ್ಕು ಸಾವಿರದ ಇನ್ನೂರು. ಜೀಪಿನವರು ಐನೂರು ಸಸಿ ಒಯ್ದರೆ ಅವತ್ತೇ ಚಿಮಟದಲ್ಲಿ ಐನೂರು ಸಾಸಿವೆ ತೆಗೆಯುತ್ತಿದ್ದರು.

"ಹಲಗೆ ಮೇಲಿನ ಸಸಿ ಎಣಿಸ್ತಾರೆ" ಎಂದು ವನಜಮ್ಮ ನನಗೆ ಕಾಫಿ ಕೊಡುತ್ತ ಹೇಳಿದ್ದರು. "ನೆಲದ ಮೇಲಿನ ಸಸಿಗೆ ಒಂದಿನ ಒಂದ್ ಕೊಡ ನೀರಾಕಿದ್ರೆ ಕೇಳಿ. ಈಗ ನೀವೂ ಒಬ್ರು ಸಿಕ್ಕಿದ್ರಿ. ಇಬ್ರೂ ಕೂತ್ಕಂಡು ಆಟ ಆಡಿ."

ಆಟ ಆಡಿಕೊಂಡಿದ್ದರೆ ಸಾಕಿತ್ತು. ನನಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ಇಂಥ ಪ್ರತಿಭೆಯನ್ನು ಪತ್ತೆ ಹಚ್ಚಿದವನು ನಾನು ಎಂಬುದು ನಾಲ್ಕು ಜನಕ್ಕೆ ತಿಳಿಯಬೇಡವೇ? ತಿಳಿಯಬೇಕಾದರೆ ಒಂದು ಸನ್ಮಾನ ಆಗಬೇಕು. ಶಾಲು, ಹಾರ, ವೇದಿಕೆಯ ಮೇಲೆ ಪುಟ್ಟಸ್ವಾಮಿ, ಅವರ ಬಗ್ಗೆ ಮುಕ್ಕಾಲು ಗಂಟೆ ಮಾತಾಡಲು ನಾನು. ಇದಕ್ಕೆಲ್ಲ ದಾರಿ ಮಾಡಿಕೊಡಬಲ್ಲವರು ರೇಣುಕಪ್ರಸಾದ್.

ರೇಣುಕಪ್ರಸಾದ್ ಶುಂಠಿ ವ್ಯಾಪಾರಿ. ಯಾವುದೋ ಬೆಳೆಗಾರರ ಸಂಘಕ್ಕೆ ಹಿಂದೊಮ್ಮೆ ಹನ್ನೊಂದು ತಿಂಗಳು ಅಧ್ಯಕ್ಷರಾಗಿದ್ದರು. ಸಂಘ ಮುಚ್ಚಿಹೋಯಿತು, ಅಧ್ಯಕ್ಷರು ಉಳಿದುಕೊಂಡರು. ಹಾಗೆಂದೇ ಎಲ್ಲರೂ ಕರೆಯಬೇಕು. ಆ ವರ್ಷ ಫಲಪುಷ್ಪ ಪ್ರದರ್ಶನದ ಉಸ್ತುವಾರಿ ಅವರದು. ಪುಟ್ಟಸ್ವಾಮಿಯವರ ಬೇಲಿಯಾಚೆಯ ಜಮೀನು ಅವರದೇ ಎಂದು ನನಗೆ ಗೊತ್ತಿತ್ತು. ನೆರೆಯವರು, ಅಭಿಮಾನದಿಂದ ಬರುತ್ತಾರೆ ಎಂದುಕೊಂಡೆ. ಅವರು ಪೇಟೆಯಲ್ಲಿರುವವರು. ಜಮೀನನ್ನು ವರ್ಷಕ್ಕೊಬ್ಬರಿಗೆ ಗುತ್ತಿಗೆ ಕೊಟ್ಟು, ಅದರ ಮೂಲೆ ಎಲ್ಲಿದೆ ಎಂದು ಒಮ್ಮೆಯೂ ನಡೆದು ನೋಡಿದವರಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವರ ಜೀಪಿನಲ್ಲೇ ಹೋದೆವು. ಶೆಡ್ಡಿನೊಳಗೆ ಬಂದ ಅಧ್ಯಕ್ಷರು "ಜಿಲ್ಲೆಗೇ ಹೆಮ್ಮೆ" ಎಂದು ಮೂರು ಸಲ ಹೇಳಿದರು. ಆಮೇಲೆ ಹಲಗೆಯ ಸುತ್ತ ಒಂದು ಸುತ್ತು ಬಂದರು. ಮುಖ ಸ್ವಲ್ಪ ಬಾಡಿತು.

"ಇದ್ರಲ್ಲಿ ನನ್ನ ಜಮೀನು ಎಲ್ಲಿ ಬರ್ತದೆ?"

"ನಿಮ್ದು ಹಲಗೆ ಮುಗಿದ ಮೇಲೆ ಅಧ್ಯಕ್ಷರೇ. ಬೇಲಿಯಿಂದ ಆಚೆ."

"ಒಂದಿಷ್ಟಾದ್ರೂ ಇರಬೇಕಿತ್ತಲ್ಲಪ್ಪ."

ಎಲ್ಲೋ ಒಂದು ಕಡೆ ತಾವು ಇದ್ದೇ ಇರಬೇಕು ಎಂಬ ಭರವಸೆಯಿಂದ ಅವರು ಭೂತಗನ್ನಡಿ ಹಿಡಿದು ಆ ಅಂಚಿನ ಮೇಲೆ ಬಗ್ಗಿದರು. ಬೇಲಿ ನೋಡಿದರು, ಬಾವಿ ನೋಡಿದರು, ಬಾವಿಯಿಂದ ಈಚೆಗೆ ಲಂಟಾನ ಪೊದೆಯನ್ನೂ ನೋಡಿದರು. ವನಜಮ್ಮ ಮೂರು ಲೋಟ ಕಾಫಿ ಹಿಡಿದು ಬಾಗಿಲಿಗೆ ಬಂದದ್ದು ಅದೇ ಹೊತ್ತಿಗೆ.

"ಇದೇನ್ರೀ ಬೆಳ್ಳಗೆ, ಪೊದೆ ಒಳಗೆ? ನುಚ್ಚಕ್ಕಿ ಬಿದ್ದದೆ ನೋಡಿ. ಇರುವೆ ತಂದಿರಬೇಕು" ಎಂದು ಅಧ್ಯಕ್ಷರು ಉಗುರಿನಿಂದ ಅದನ್ನು ತೆಗೆಯಲು ಹೋದರು.

"ಮುಟ್ಬೇಡಿ!" ಎಂದರು ಪುಟ್ಟಸ್ವಾಮಿ. ಅವರ ದನಿ ಅಷ್ಟು ದೊಡ್ಡದಿದೆ ಎಂದು ನನಗೆ ಅವತ್ತೇ ತಿಳಿದದ್ದು. "ಅದು ಬಿದ್ದಿರೋದಲ್ಲ. ನಾನು ಇಟ್ಟಿರೋದು. ಕಲ್ಲದು."

"ಎಂಥ ಕಲ್ಲು?"

"ಬಾಂದು ಕಲ್ಲು."

ಅಧ್ಯಕ್ಷರು ಕನ್ನಡಿಯನ್ನು ಕಣ್ಣಿನಿಂದ ತೆಗೆದರು. ಜಮೀನಿಗೂ ಜಮೀನಿಗೂ ನಡುವಿನ ಗಡಿಗೆ ಸರ್ಕಾರ ನೆಡಿಸುವ ಕಲ್ಲು ಯಾವುದೆಂದು ಶುಂಠಿ ವ್ಯಾಪಾರಿಗೆ ಯಾರೂ ಹೇಳಿಕೊಡಬೇಕಿಲ್ಲ.

"ಬಾಂದು ಕಲ್ಲು ಬಾವಿಯಿಂದ ಈಚೆಗೆ ಅದಾ?"

ಪುಟ್ಟಸ್ವಾಮಿ ಹಲಗೆಯ ಅಂಚನ್ನು ಪಂಚೆಯಿಂದ ಒರೆಸತೊಡಗಿದರು.

"ಕಲ್ಲಿಂದ ಬಾವಿಗೆ ಎಷ್ಟು?"

"ಹನ್ನೊಂದೂವರೆ ಅಡಿ!"

"ಬೇಲಿಗೆ?"

"ಇಪ್ಪತ್ತು!"

ಕೂಗಿದ ಮೇಲೆ ಪುಟ್ಟಸ್ವಾಮಿ ಬಾಯಿ ಮುಚ್ಚಿದರು. ಮೂವತ್ತೊಂದು ವರ್ಷ ಹಾಗೆಯೇ ಮುಚ್ಚಿದ್ದರು. ಅಧ್ಯಕ್ಷರು ನಾಲ್ಕನೆಯ ಸಲ ಹೆಮ್ಮೆ ಎನ್ನಲಿಲ್ಲ. ಕಾಫಿ ಕುಡಿದರು, ಚೆನ್ನಾಗಿದೆ ಎಂದರು, ಹೋಗುವಾಗ ಬೇಲಿಯ ಉದ್ದಕ್ಕೂ ಮೊದಲ ಬಾರಿಗೆ ನಡೆದರು. ನಾನು ಜೀಪು ಹತ್ತಲಿಲ್ಲ. ಹತ್ತಿದ್ದರೆ ಮುಂದಿನದನ್ನು ಕೇಳಬೇಕಾಗಿರಲಿಲ್ಲ.

"ಎಷ್ಟ್ ವರ್ಷದಿಂದ ಗೊತ್ತಿತ್ತು ನಿಮಗೆ?" ಎಂದರು ವನಜಮ್ಮ.

"ಇಪ್ಪತ್ತೆರಡು. ಲಂಟಾನ ಕಡಿಯುವಾಗ ಸಿಕ್ತು. ಅಪ್ಪ ಬೇಲಿ ಹಾಕಿದಾಗ ನೋಡ್ಕಂಡಿಲ್ಲ. ಮಣ್ಣು ಮುಚ್ಚಿ ಪೊದೆ ಬೆಳೆಯಕ್ ಬಿಟ್ಟೆ."

"ಇಪ್ಪತ್ತೆರಡು ವರ್ಷ ನನ್ ಹತ್ರನೂ ಬಾಯಿ ಮುಚ್ಕಂಡಿದ್ದೋರು, ಇವತ್ತು ಇನ್ನೊಂದು ಗಳಿಗೆ ಮುಚ್ಕಣಕ್ ಆಗಲಿಲ್ವಾ?"

"ಅವ್ರು ನುಚ್ಚಕ್ಕಿ ಅಂದ್ರು" ಎಂದರು ಪುಟ್ಟಸ್ವಾಮಿ.

ಇದಕ್ಕಿಂತ ದೊಡ್ಡ ಕಾರಣವನ್ನು ಅವರು ಆಮೇಲೆಯೂ ಕೊಡಲಿಲ್ಲ. ಭೂಮಿಯ ಮೇಲಿನ ಕಲ್ಲನ್ನು ಅವರು ಎರಡು ದಶಕ ಮುಚ್ಚಿಟ್ಟಿದ್ದರು, ಅದರಲ್ಲಿ ಮನಸ್ಸಿಗೆ ಕಿರಿಕಿರಿ ಆದ ಹಾಗಿರಲಿಲ್ಲ. ಹಲಗೆಯ ಮೇಲಿನದನ್ನು ಒಬ್ಬರು ಬಂದು ಇರುವೆಯ ಪಾಲಿಗೆ ಬರೆದಾಗ ತಡೆಯಲಾಗಲಿಲ್ಲ.

ಮುಂದಿನ ತಿಂಗಳೇ ಅಧ್ಯಕ್ಷರು ಹದ್ದುಬಸ್ತಿಗೆ, ಎಂದರೆ ಗಡಿ ಅಳೆಸಲು ಅರ್ಜಿ ಹಾಕಿದರು. ವನಜಮ್ಮ ಗಂಡನನ್ನು ಒಬ್ಬ ವಕೀಲರ ಹತ್ತಿರ ಕರೆದುಕೊಂಡು ಹೋದರು. ಪ್ರಾಯಶ್ಚಿತ್ತವೆಂದು ನಾನೂ ಜೊತೆಗೆ ಹೋದೆ. ವಕೀಲರಿಗೆ ಉತ್ಸಾಹ ಬಂತು.

"ಬೇಲಿ ನಲವತ್ತು ವರ್ಷದಿಂದ ಅಲ್ಲೇ ಅದೆ. ಬಾವಿ ತೋಡಿಸಿದವರು ನಿಮ್ಮ ತಂದೆ. ಕೇಸು ಹಾಕಿ ಎಳೆಯೋಣ, ಬಾವಿ ಮುಟ್ಟದ ಹಾಗೆ ತಡೆಯಾಜ್ಞೆ ತರೋಣ. ಕಲ್ಲು ಇರೋದೇ ಗೊತ್ತಿರಲಿಲ್ಲ ಅನ್ನಿ. ಆ ಆಟದ ಸಾಮಾನಿನಲ್ಲಿ ಇರೋದು ಊಹೆ ಅಂತ ಒಂದು ಸಾಲು ಬರೆದಿದ್ದೀನಿ. ಇಲ್ಲಿ ಸೈನ್ ಮಾಡಿ, ಆಯ್ತು."

ಪುಟ್ಟಸ್ವಾಮಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಗೊತ್ತಿರಲಿಲ್ಲ ಎಂಬ ಸುಳ್ಳನ್ನು ದಾಟಿ ಸಲೀಸಾಗಿ ಮುಂದೆ ಹೋದರು. ಊಹೆ ಎಂಬ ಪದದ ಹತ್ತಿರ ನಿಂತರು. ಜೇಬಿನಿಂದ ಪೆನ್ನು ತೆಗೆದು ಅದನ್ನು ಹೊಡೆದುಹಾಕಿ, ಮೇಲೆ ನೀಟಾಗಿ 'ಅಳತೆ' ಎಂದು ಬರೆದರು.

ವಕೀಲರು ಕಾಗದವನ್ನು ನೋಡಿದರು, ವನಜಮ್ಮನವರನ್ನು ನೋಡಿದರು. "ಅಮ್ಮಾ, ಇವ್ರನ್ನ ಮನೆಗೆ ಕರ್ಕೊಂಡು ಹೋಗಿ. ಇವ್ರು ಕೋರ್ಟಿಗೆ ಬಂದ್ರೆ ಎದುರು ಪಾರ್ಟಿಗೆ ವಕೀಲರೇ ಬೇಕಾಗಲ್ಲ."

ಅಳತೆಯ ದಿನ ಸರ್ವೇಯರ್ ಬಂದರು. ವಯಸ್ಸಿನ್ನೂ ಮೂವತ್ತಾಗದ ಹೆಣ್ಣುಮಗಳು, ತಲೆಗೆ ಟೋಪಿ. ಯಂತ್ರ ಇತ್ತು, ಆದರೂ ಕೊನೆಗೆ ಟೇಪ್ ಹಿಡಿದು ನೋಡಬೇಕು, ಸಹಾಯಕ ರಜೆ ಹಾಕಿದ್ದ.

"ಯಾರಾದ್ರೂ ಆ ತುದಿ ಹಿಡ್ಕೊತೀರಾ?"

ಅಧ್ಯಕ್ಷರು ತಮ್ಮ ಬಿಳಿ ಷರ್ಟು ನೋಡಿಕೊಂಡರು. ನಾನು ಮುಳ್ಳು ನೋಡಿದೆ. ಪುಟ್ಟಸ್ವಾಮಿ ಆಗಲೇ ಪಂಚೆ ಎತ್ತಿ ಕಟ್ಟಿ ಪೊದೆಗೆ ಇಳಿದಿದ್ದರು. ಮಂಡಿಯೂರಿ, ಕೈಯಿಂದಲೇ ಮಣ್ಣು ಬಗೆದರು. ಒಂದು ಗೇಣು ಕೆಳಗೆ ಕಲ್ಲು ಇತ್ತು. ಟೇಪಿನ ತುದಿಯನ್ನು ಅದರ ನೆತ್ತಿಗೆ ಇಟ್ಟು, ಎಲ್ಲೂ ಜೋಲದ ಹಾಗೆ ಎಳೆದು ಹಿಡಿದರು. ಆ ಕಡೆ ಬಾವಿಕಟ್ಟೆಯ ಹತ್ತಿರ ಕೊಡ ಸೊಂಟಕ್ಕಿಟ್ಟುಕೊಂಡು ವನಜಮ್ಮ ನಿಂತಿದ್ದರು. ಟೇಪು ಅವರ ಕಾಲ ಮುಂದೆಯೇ ಹಾದುಹೋಯಿತು.

"ರೀ, ಬಿಡ್ರೀ" ಎಂದರು. ಕೂಗಲಿಲ್ಲ, ಮೆಲ್ಲಗೆ ಹೇಳಿದರು. "ಕೈ ಬಿಡಿ. ಅವ್ರೇ ಹಿಡ್ಕಳ್ಳಿ."

"ಸ್ವಲ್ಪ ಪಕ್ಕಕ್ ನಿಂತ್ಕೊ. ಟೇಪ್ ತಗಲ್ತದೆ" ಎಂದರು ಪುಟ್ಟಸ್ವಾಮಿ.

ಸರ್ವೇಯರ್ ಬಾವಿಯ ಅಂಚಿನಲ್ಲಿ ಬಗ್ಗಿ ಓದಿದರು. ಹನ್ನೊಂದೂವರೆ ಅಡಿ. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. "ನೀವು ಇಲಾಖೆಯಲ್ಲಿದ್ರಾ? ಇಷ್ಟು ಚೆನ್ನಾಗಿ ಈಗ ಯಾರೂ ಹಿಡಿಯಲ್ಲ" ಎಂದರು. ಪುಟ್ಟಸ್ವಾಮಿಯವರ ಕತ್ತು ಎರಡಂಗುಲ ಉದ್ದವಾಯಿತು. ನಾನು ಏರ್ಪಡಿಸಬೇಕೆಂದಿದ್ದ ಸನ್ಮಾನ ಪೊದೆಯೊಳಗೆ ಹಾಗೆ ನಡೆದುಹೋಯಿತು.

ಫೆಬ್ರವರಿಯಲ್ಲಿ ಅಧ್ಯಕ್ಷರು ಕಲ್ಲಿನ ನೇರಕ್ಕೆ ಸಿಮೆಂಟ್ ಇಟ್ಟಿಗೆಯ ಗೋಡೆ ಎಬ್ಬಿಸಿದರು. ಬಾವಿ ಗೋಡೆಯಾಚೆ ಹೋಯಿತು. ವನಜಮ್ಮ ಒಂದು ತಿಂಗಳು ಟ್ಯಾಂಕರ್ ನೀರು ತರಿಸಿ ನೋಡಿದರು. ಏಪ್ರಿಲ್ ಬಂದಾಗ ಸಸಿಗಳು ಮೇಲಿನ ಸಾಲಿನಿಂದ ಒಣಗುತ್ತ ಬಂದವು. ಒಂದು ಸಂಜೆ ಅವರು ಖಾಲಿ ಕೊಡ ತಂದು ಹಲಗೆಯ ಮೇಲಿನ ಬಾವಿಯ ಮೇಲೇ ಇಟ್ಟು, "ತಗಳಿ, ಸೇದಿ" ಎಂದರಂತೆ. ಹೆಂಚಿನ ಮನೆಯ ಒಂದು ಮೂಲೆ ಜಜ್ಜಿಹೋಯಿತು. ಪುಟ್ಟಸ್ವಾಮಿ ಕೊಡ ಎತ್ತಿ ಕೆಳಗಿಟ್ಟು, ಮತ್ತೊಂದು ಆಮಂತ್ರಣ ಪತ್ರಿಕೆ ಹುಡುಕಿಕೊಂಡು ಹೆಂಚು ಕತ್ತರಿಸಲು ಕೂತರು.

ಜಮೀನು ಬದಲಾದ ಮೇಲೆ ಹಲಗೆಯೂ ಬದಲಾಗಬೇಕಲ್ಲ. ಗರಗಸ ತಂದು ಅಂಚಿನಿಂದ ಐದಂಗುಲ ಅಗಲಕ್ಕೆ ಕೊಯ್ದರು. ಬಾವಿ, ಬೇಲಿ, ಒಂದಷ್ಟು ನಾನು, ಎಲ್ಲ ಆ ಪಟ್ಟಿಯಲ್ಲಿ ಹೋಯಿತು. ಅದನ್ನು ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ಪೇಟೆಗೆ ಒಯ್ದು, "ಇದು ನಿಮ್ದು ಅಧ್ಯಕ್ಷರೇ" ಎಂದು ಕೊಟ್ಟು ಬಂದರು. ವ್ಯಂಗ್ಯವಿರಲಿಲ್ಲ, ಅಳತೆಯ ಪ್ರಕಾರ ಅದು ಅವರದೇ. ಅಧ್ಯಕ್ಷರಿಗೆ ಪರಮ ಸಂತೋಷವಾಯಿತು. ಕೊನೆಗೂ ತಾವು ಅದರಲ್ಲಿ ಇದ್ದರು. ಗಾಜಿನ ಪೆಟ್ಟಿಗೆ ಮಾಡಿಸಿ, ಹಿತ್ತಾಳೆಯ ಫಲಕದಲ್ಲಿ ತಮ್ಮ ಹೆಸರು ಕೆತ್ತಿಸಿ ಮನೆಯ ಹಜಾರದಲ್ಲಿ ಇಟ್ಟಿದ್ದಾರೆ. ಬಂದವರಿಗೆಲ್ಲ ತೋರಿಸುತ್ತಾರೆ. ಮಾಡಿದವರ ಹೆಸರಿಗೆ ಜಾಗ ಸಾಲಲಿಲ್ಲವಂತೆ.

ನೀರಿರುವ ಬಾವಿ ಸುಮ್ಮನೆ ಯಾಕಿರಬೇಕು ಎಂದು ಅಧ್ಯಕ್ಷರು ಗೋಡೆಯಾಚೆ ನರ್ಸರಿ ಶುರುಮಾಡಿದರು. ಸಸಿಯ ಕೆಲಸ ಬಲ್ಲವರು ಆ ಸುತ್ತಿನಲ್ಲಿ ಒಬ್ಬರೇ. ಈಗ ವನಜಮ್ಮ ದಿನಗೂಲಿಗೆ ಹೋಗುತ್ತಾರೆ. ಗೋಡೆ ಸುತ್ತಿ ಗೇಟಿಗೆ ಹೋಗಿ, ಕೂಲಿ ಲೆಕ್ಕದ ರೈಟರ ಹತ್ತಿರ ಹೆಸರು ಬರೆಸಿ, ತಮ್ಮ ಮಾವ ತೋಡಿಸಿದ ಬಾವಿಯಿಂದ ನೀರು ಸೇದಿ ಬೇರೆಯವರ ಸಸಿಗೆ ಹಾಕುತ್ತಾರೆ. ಸಂಜೆ ಮನೆಗೆ ಒಂದು ಕೊಡ ನೀರು ತರಬಹುದು. ಅಷ್ಟಕ್ಕೆ ಅಧ್ಯಕ್ಷರ ಅನುಮತಿ ಇದೆ. ಅದನ್ನೂ ಅವರು ಬಂದವರಿಗೆಲ್ಲ ಹೇಳುತ್ತಾರೆ.

ನಾನು ಕೊನೆಯ ಸಲ ಹೋದದ್ದು ಮಳೆಗೆ ಸ್ವಲ್ಪ ಮುಂಚೆ. ಪುಟ್ಟಸ್ವಾಮಿ ಶೆಡ್ಡಿನಲ್ಲಿ ಕೂತು ಚಿಮಟದಿಂದ ಸಾಸಿವೆ ಕಾಳುಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕುತ್ತಿದ್ದರು. ಸಸಿ ಒಣಗಿದ ಹಾಗೆಲ್ಲ ಅವುಗಳಿಗೆ ಕಂದು ಬಣ್ಣ ಬಳಿದಿದ್ದರು. ಈಗ ವನಜಮ್ಮ ಒಣಗಿದ ತೊಟ್ಟೆಗಳನ್ನು ಬಿಸಾಕಿದ್ದರಿಂದ ಇವೂ ಹೋಗಬೇಕಿತ್ತು. ಹಲಗೆಯ ಹೊಸ ಅಂಚಿಗೆ ಬೂದು ಗೋಡೆ ಎದ್ದಿತ್ತು. ಅದರ ಬುಡದಲ್ಲಿ ನುಚ್ಚಕ್ಕಿ ಹಾಗೆಯೇ ಇತ್ತು. ಗೋಡೆಯಾಚೆ, ನಿಜವಾದ ಗೋಡೆಯಾಚೆ, ರಾಟೆಯ ಸದ್ದು ಕೇಳುತ್ತಿತ್ತು. ವನಜಮ್ಮ ನೀರು ಸೇದುತ್ತಿದ್ದರು.

ನಾನು ಡಬ್ಬಿ ತುಂಬುವುದನ್ನು ನೋಡುತ್ತ ಕೂತಿದ್ದೆ. ಹಾಗೆಯೇ ಎದ್ದು ಬರಬಹುದಿತ್ತು. ಆದರೆ ಸುಮ್ಮನೆ ಎದ್ದು ಬರುವ ಅಭ್ಯಾಸ ನನಗಿಲ್ಲ.

"ಅಲ್ಲ ಪುಟ್ಟಸ್ವಾಮಿಯವರೇ, ಅವತ್ತು ಹೌದು, ನುಚ್ಚಕ್ಕೀನೇ ಅಂದುಬಿಡಬಹುದಿತ್ತಲ್ಲ?"

ಅವರು ಚಿಮಟ ಕೆಳಗಿಡಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಅನ್ಬೋದಿತ್ತು" ಎಂದರು. "ನೀವು ಅವ್ರನ್ನ ಕರ್ಕಂಡ್ ಬರದೇನೂ ಇರ್ಬೋದಿತ್ತು."